ಕೊಗ್ಗ ಬಾಗಿಲಲ್ಲಿ ಬಿಟ್ಟ ಹಗ್ಗ

ಗುರುವಾರ ಮಧ್ಯಾಹ್ನ ಮೂರು ಗಂಟೆ, ಕೊಗ್ಗನ ಹೆಸರು ಇನ್ನೂ ವಂಶವೃಕ್ಷದ ಪಟದಲ್ಲೇ ಇದೆ, ಟ್ಯಾಕ್ಸಿಯ ಕಿಟಕಿಯಿಂದ ಬಿದ್ದ ಬಿಸಿಲು ಪಟದ ಗಾಜಿಗೆ ತಾಗಿ ಸ್ಟೆಲ್ಲಾಳ ಕಣ್ಣಿಗೇ ಹೊಡೆಯುತ್ತಿದೆ, ಅವಳು ಪಟವನ್ನು ತೊಡೆಯ ಮೇಲೆ ಓರೆ ಮಾಡಿಕೊಂಡಳು, ಮಸ್ಕತ್ತಿನ ಹಮ್ರಿಯಾದಿಂದ ಅಲ್ ಹೈಲ್‌ವರೆಗೂ ಹೀಗೇ ಹಿಡಿದುಕೊಳ್ಳಬೇಕು, ತಮ್ಮನ ಮನೆ, ತಮ್ಮನ ಮಗಳ ರೋಸು, ಮದುವೆಯ ಮುನ್ನಾದಿನದ ಶಾಸ್ತ್ರ, ನಾಳೆ ರುವಿಯ ಇಗರ್ಜಿಯಲ್ಲಿ ಬೀಟ್ರಿಸಳ ಮದುವೆ, ಇವತ್ತು ಸಂಜೆ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚುವಾಗ ತಂದೆತಾಯಿಯ ನಂತರದ ಸರದಿ ಸೋದರತ್ತೆಯದು — ಆಗಿತ್ತು, ಬೆಳಿಗ್ಗೆ ತಮ್ಮ ವಾಲ್ಟರ್ ಫೋನ್ ಮಾಡುವವರೆಗೆ. ಬಾಯಿ, ಅಕ್ಕನನ್ನು ಅವನು ಕರೆಯುವುದು ಹಾಗೆ, ಆ ಕೊಗ್ಗನನ್ನು ತೆಗಿ ಮಾರಾಯ್ತಿ, ಹುಡುಗನ ಕಡೆಯವರು ಓದಿದ್ರೆ ನಾನು ಮುಖ ಎಲ್ಲಿ ಇಡ್ಲಿ, ವಂಶವೃಕ್ಷ ಬರಿ ಅಂತ ನಾನೇ ಹೇಳಿದ್ದು ಹೌದು, ಬುಡದಲ್ಲಿ ಕಳ್ಳು ಇಳಿಸುವವನನ್ನು ಕೂರಿಸು ಅಂತ ಹೇಳಿದ್ದಾ. ತೆಗೆಯುವುದಿಲ್ಲ ವಾಲ್ಟರಾ. ಹಾಗಾದ್ರೆ ಹಾಲು ಹಚ್ಚಲಿಕ್ಕೆ ನಿನ್ನನ್ನು ಕರೆಯುವುದಿಲ್ಲ, ಖಲಾಸ್. ಖಲಾಸ್ ಆದರೆ ಆಗಲಿ, ಪಟ ಬರುತ್ತದೆ, ಕೊಗ್ಗನ ಸಮೇತ ಬರುತ್ತದೆ, ಎಂದು ಹೇಳಿ ಫೋನ್ ಇಟ್ಟಿದ್ದಳು.

ವಾಲ್ಟರನಿಗೆ ಬೇಕಾದವನು ಕಪ್ತಾನ ಮೆನೆಜಸ್, ಬಸ್ರೂರಿನ ಪೋರ್ಚುಗೀಸ್ ಕೋಟೆಯ ಕಪ್ತಾನ, ಯಾವುದೋ ಪುಸ್ತಕದಲ್ಲಿ ಆ ಹೆಸರು ಕಂಡದ್ದೇ ತಡ, ನಾವೂ ಮೆನೆಜಸ್, ಅವನೂ ಮೆನೆಜಸ್, ಬೇರೆ ಎಂತ ಸಾಕ್ಷಿ ಬೇಕು ಎಂದುಬಿಟ್ಟ, ನಮ್ಮವರೆಲ್ಲ ಮಾಡುವ ತಪ್ಪೇ ಇದು, ಜ್ಞಾನಸ್ನಾನದ ದಿನ ಎದುರು ನಿಂತ ಧರ್ಮಪಿತನ ಹೆಸರು ಕೊಟ್ಟು ಕಳಿಸುತ್ತಿದ್ದರು, ಒಂದು ಬೆಳಿಗ್ಗೆ ಒಂದು ಕೇರಿಗೆ ಕೇರಿಯೇ ಮೆನೆಜಸ್ ಆಗಿ ಮನೆಗೆ ಹೋಗಿದೆ, ಕುಂಬಾರ, ಅಂಬಿಗ, ಕಳ್ಳು ಇಳಿಸುವವ, ಯಾರ ಮೈಯಲ್ಲೂ ಕಪ್ತಾನನ ರಕ್ತದ ಒಂದು ತೊಟ್ಟಿಲ್ಲ. ಕಾಯ್ತಾನನಿಗೆ ಇದು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದ ಹಿಂದೆಯೇ ಗೊತ್ತಿತ್ತು, ಅದೇ ಕೋಟೆಯ ಬರಹಗಾರ, ವಂಶಾವಳಿ ಬರೆಯುವ ಕಾಯ್ತಾನ್, ಮನೆಗೆ ಹೋದರೆ ಯಜಮಾನನನ್ನು ಕೇಳುತ್ತಿರಲಿಲ್ಲ, ಗಂಡಸರು ಧರ್ಮಪಿತನ ಹೆಸರು ಹೇಳುತ್ತಾರೆ, ಹೊಸ್ತಿಲಲ್ಲೇ ನಿಂತು ಆ ಮನೆಯ ಅತಿ ಹಿರಿಯ ಹೆಂಗಸನ್ನು ಕರೆಸಿ ಮೊದಲು ಮನೆಯ ಹೆಸರು, ಆಮೇಲೆ ಕಸುಬು, ಕೊನೆಗೆ ಇಗರ್ಜಿ ಕೊಟ್ಟ ಹೆಸರು, ಈ ಕ್ರಮ ಬಿಟ್ಟು ಬರೆದವನಲ್ಲ, ಕಪ್ತಾನನದೇ ವಂಶ ಬರೆಯುವ ಸರದಿ ಬಂದಾಗಲೂ ಬಿಡಲಿಲ್ಲ, ಕಪ್ತಾನನ ಅಜ್ಜ ಲಿಸ್ಬನ್ನಿನಲ್ಲಿ ರೊಟ್ಟಿ ಸುಡುತ್ತಿದ್ದ, ರೊಟ್ಟಿ ಸುಡುವವ ಎಂದೇ ಬರೆದ, ಅದನ್ನು ಕೆರೆದು ಪ್ರಭು ಎಂದು ಬರಿ ಅಂದರೆ ಬರೆಯಲಿಲ್ಲ, ಶಿಕ್ಷೆಗೆಂದು ಹಡಗು ಹತ್ತಿಸಿ ಇಲ್ಲಿಗೆ, ಮಸ್ಕತ್ತಿಗೆ ಕಳಿಸಿದರು. ಇಲ್ಲಿ ಅವನಿದ್ದ ಮಿರಾನಿ ಕೋಟೆಯನ್ನು ಅವಳು ತಾನು ಕಲಿಸುವ ಶಾಲೆಯ ಮಕ್ಕಳಿಗೆ ತೋರಿಸಿದ್ದಾಳೆ, ಮಿಸ್, ಹೂ ವಾಸ್ ಹಿ, ಎ ಕಿಂಗ್, ಅಲ್ಲ ಮಕ್ಕಳೇ, ಗುಮಾಸ್ತ, ಹಗಲೆಲ್ಲ ಉಗ್ರಾಣದ ಲೆಕ್ಕ ಬರೆದು ಸಂಜೆ ಬಸ್ರೂರಿನ ಮನೆಗಳನ್ನು ಒಂದೊಂದಾಗಿ ನೆನಪಿನಿಂದ ಬರೆದ, ೧೬೫೦ರಲ್ಲಿ ಒಮಾನಿನ ಇಮಾಮರ ಸೈನ್ಯ ಮಸ್ಕತ್ತು ಹಿಡಿದಾಗ ಬಟ್ಟೆಗಂಟು ಬಿಟ್ಟು ಕಾಗದದ ಗಂಟು ಹೊತ್ತು ದೋಣಿ ಹತ್ತಿದ, ಗೋವದಲ್ಲಿ ಸತ್ತ, ಸಮಾಧಿ ಎಲ್ಲಿ ಎಂದು ತಿಳಿಯದು, ತಿಳಿಯದ್ದನ್ನು ತಿಳಿಯದು ಎಂದೇ ಹೇಳಬೇಕು. ಅವನ ಹಾಳೆಗಳನ್ನು ಅವಳು ಪಣಜಿಯ ಪತ್ರಾಗಾರದಲ್ಲಿ ರಜೆಯಿಂದ ರಜೆಗೆ ಓದಿದ್ದು, ಗಂಡ ನೊರ್ಬರ್ಟ್ ಬದುಕಿದ್ದಾಗ ನಗುತ್ತಿದ್ದ, ಬೇರೆಯವರ ಹೆಂಡತಿಯರು ಚಿನ್ನ ನೋಡಲಿಕ್ಕೆ ಹೋಗ್ತಾರೆ, ನನ್ನವಳು ಸತ್ತವರನ್ನು ನೋಡಲಿಕ್ಕೆ, ಎಂದು. ಅಲ್ಲೇ ಸಿಕ್ಕಿದ ಕೊಗ್ಗ, ಅವರ ವಂಶದ ಬುಡ. ಮನೆ ತೋಡಿನ ಬದಿ, ಕಸುಬು ಕಳ್ಳು ಇಳಿಸುವುದು, ಜ್ಞಾನಸ್ನಾನಕ್ಕೆ ಇಗರ್ಜಿಗೆ ಬಂದ ದಿನ, ಮರ ಹತ್ತಲು ಕಾಲಿಗೆ ಹಾಕುವ ಹಗ್ಗದ ಬಳೆಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬಂದ, ಹೊರಗೆ ಹೋಗುವಾಗ ಎತ್ತಿಕೊಂಡು ಮರಕ್ಕೆ ಹೋದ. ಕೊಗ್ಗನಾಗಿ ಒಳಗೆ, ಮೆನೆಜಸ್ ಆಗಿ ಹೊರಗೆ, ಹಗ್ಗ ಮಾತ್ರ ಅದೇ.

ಏನಮ್ಮ ಅದು, ಕುರಾನಿನ ಆಯತ್ತೇ, ಎಂದು ಡ್ರೈವರ್ ಸೌದ ಕನ್ನಡಿಯಲ್ಲಿ ನೋಡಿ ಹಿಂದಿಯಲ್ಲಿ ಕೇಳುತ್ತಾನೆ, ಅಲ್ಲ, ನಮ್ಮ ಮನೆಯವರ ಹೆಸರು, ಎನ್ನುತ್ತಾಳೆ, ಅವನು ಸ್ಟೀರಿಂಗ್ ತಟ್ಟಿ ತನ್ನವರನ್ನು ಹೇಳತೊಡಗಿದ, ಸೌದ ಬಿನ್ ಹಮೂದ್ ಬಿನ್ ಸಾಲಿಂ ಬಿನ್ ನಾಸರ್, ಸಿಗ್ನಲ್ ಹಸಿರಾದರೂ ಮುಗಿಯಲಿಲ್ಲ, ಹಿಂದಿನ ಗಾಡಿ ಹಾರ್ನ್ ಹೊಡೆಯಿತು, ಯಲ್ಲಾ ಯಲ್ಲಾ, ಹೋಗ್ತೇನೆ, ನಿನ್ನ ಕೊನೆಯಲ್ಲಿ ಯಾರು. ಕೊಗ್ಗ. ಕೆಲಸ ಏನು ಅವನಿಗೆ. ಮರ ಹತ್ತುವುದು, ತೆಂಗಿನ ಮರ. ನನ್ನ ಅಜ್ಜ ಸಹಮ್‌ನಲ್ಲಿ ಖರ್ಜೂರದ ಮರ ಹತ್ತುತ್ತಿದ್ದ, ಹಗ್ಗ ಸೊಂಟಕ್ಕೆ, ನಿಮ್ಮವನಿಗೆ ಎಲ್ಲಿಗೆ. ಕಾಲಿಗೆ. ಕಾಲಿಗೆ ಕಟ್ಟಿದರೆ ಬೀಳುವುದಿಲ್ಲವೇ ಎಂದು ಅವನು ಬಹಳ ಹೊತ್ತು ಯೋಚಿಸಿದ, ವಾಲ್ಟರ್ ಇಷ್ಟು ಕೇಳಿದ್ದರೆ ಸಾಕಿತ್ತು, ಬೀಳಲಿಲ್ಲವೇ ಬಾಯಿ ಅವನು, ಎಂದು ಒಂದು ಸಲ. ರೋಸಿಗೆ ವಾಲ್ಟರ್ ಸಲಾಲಾದಿಂದ ಕಾಯಿ ತರಿಸಿದ್ದಾನೆ, ಅವನ ಹೆಂಡತಿ ಆಲ್ಬಿನಾ ಬೆಳಿಗ್ಗೆಯಿಂದ ತುರಿಯುತ್ತಿರಬೇಕು, ಮಗಳ ತಲೆಗೆ ತೆಂಗಿನ ಹಾಲು ಬೇಕು, ಮರ ಹತ್ತಿದವನು ಬೇಡ. ಬಿಟ್ಟುಬಿಡಿ ಆಂಟಿ, ಇಟ್ಸ್ ಜಸ್ಟ್ ಎ ನೇಮ್, ಎಂದಿದ್ದಳು ಬೀಟ್ರಿಸ್, ಹೌದು ಮಗಾ, ಒಂದು ಹೆಸರು, ಅವನಿಗೆ ಇದ್ದದ್ದೂ ಒಂದೇ.

ಅಲ್ ಹೈಲ್, ಬಿಳಿ ಗೋಡೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ವಾಲ್ಟರ್ ಅಡ್ಡ ನಿಂತಿದ್ದಾನೆ, ತೆಗೆದ್ಯಾ, ಇಲ್ಲ, ಹಾಗಾದ್ರೆ ಹೊರಗೇ ಇರಲಿ ಅದು, ಇಲ್ಲ ವಾಲ್ಟರಾ, ಎಂದಳು ಅವಳು, ನೀನೇ ಮೆಲ್ಲಗೆ ಮಾತಾಡು, ಒಳಗೆ ಹುಡುಗನ ದೊಡ್ಡಪ್ಪ ಕೂತಿದ್ದಾರೆ, ನಿನ್ನ ಬೊನಿಫಾಸ್ ಸಾಯ್ಬರು, ಜೋರು ಮಾಡಿದರೆ ಕೊಗ್ಗನ ಹೆಸರನ್ನು ಅವರಿಗೆ ನಾನೇ ಓದಿ ಹೇಳುತ್ತೇನೆ. ಅವನ ಕೈ ಚೌಕಟ್ಟಿನ ಮೇಲೆ, ಅವಳ ಕೈಯೂ, ಎಳೆಯಲಿಲ್ಲ ಇಬ್ಬರೂ, ಅವನು ಪಕ್ಕಕ್ಕೆ ಸರಿದ, ಅವಳು ಚಪ್ಪಲಿ ಕಳಚಲು ಬಗ್ಗಿದಳು, ಬಗ್ಗಿದಲ್ಲೇ ನಿಂತಳು, ಇಲ್ಲೇ, ಇಷ್ಟೇ ಜಾಗ, ಒಳಗೆ ಬರುವವನು ಹೊರಗೆ ಬಿಟ್ಟದ್ದು, ಸವೆದ ಹಗ್ಗ, ದುಂಡಗೆ, ಬಾಗಿಲಲ್ಲಿ, ಹಗ್ಗ —

ಪಟವನ್ನು ಅವಳೇ ಹಾಲ್‌ನ ಮೊಳೆಗೆ ಹಾಕಿದಳು. ಬೊನಿಫಾಸ್ ಕನ್ನಡಕ ಹಾಕಿಕೊಂಡು ಬುಡದಿಂದ ಓದತೊಡಗಿದರು. ಸಂಜೆ ಏಳಕ್ಕೆ ರೋಸು ಶುರುವಾಯಿತು. ತಂದೆತಾಯಿಯ ನಂತರ ಆಲ್ಬಿನಾಳ ತಂಗಿಯನ್ನು ಕರೆದರು, ಸ್ಟೆಲ್ಲಾಳನ್ನು ಕರೆಯಲಿಲ್ಲ.