ನಾಳೆ ಭಿನ್ನರಾಶಿಯ ಭಾಗಾಕಾರ

ಹೊಲಿಗೆ ಟೀಚರ್ ಅಲಮಾರಿಯ ಕೆಳಖಾನೆಯೊಳಗೆ ಮೊಣಕೈವರೆಗೆ ಕೈ ತೂರಿಸಿದ್ದಳು. ಕಡ್ಡಿಕಟ್ಟು ಸಿಕ್ಕಿತು, ಗುಂಡಿಗಳ ಡಬ್ಬಿ ಸಿಕ್ಕಿತು, ಬಣ್ಣದ ಕಾಗದದ ಪಟ್ಟಿಗಳು ಸಿಕ್ಕವು. ಬೇಕಾದ ನೋಟ್‌ಬುಕ್ ಮಾತ್ರ ಇಲ್ಲ. ಆಚೆ ನಡುಮನೆಯಲ್ಲಿ ಅಲಮಾರಿಯ ಒಡತಿ, ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಟೀಚರ್, ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಸತ್ತವರ ಮನೆಯಲ್ಲಿ ಕಳ್ಳತನ! ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕೈ ಹುಡುಕುತ್ತಲೇ ಇತ್ತು.

ಎಲ್ಲಾ ಹೆಡ್‌ಮಾಸ್ಟರ್ ಮಾಡಿದ್ದು. ಆ ಮನುಷ್ಯನಿಗೆ ದುಃಖಕ್ಕೂ ಒಂದು ಪೀರಿಯಡ್ಡು. ಹಾರ ಇಟ್ಟು, ಕಣ್ಣೊರೆಸಿಕೊಂಡು, ಅದೇ ಕರವಸ್ತ್ರ ಮಡಿಸುತ್ತಾ ಅವಳ ಕಿವಿಯಲ್ಲಿ ಉಸುರಿದ್ದರು: ನಾಳೆ ಏಳನೇ ತರಗತಿಗೆ ಅಧಿಕಾರಿ ಬರುತ್ತಾರೆ, ಪಾಠ ನೋಡಿಯೇ ಅವಳ ಕೆಲಸದ ತೀರ್ಮಾನ.

*

ಎರಡು ವರ್ಷದ ಹಿಂದೆ ಹೊಲಿಗೆ ತರಗತಿ ಮುಚ್ಚಿ ಅವಳನ್ನು ಗಣಿತಕ್ಕೆ ತಳ್ಳಿದ್ದರು. ಒಲ್ಲೆನೆಂದರೆ ಮನೆಗೆ ಹೋಗಬೇಕಿತ್ತು. ಮೊದಲ ವಾರವೇ ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದಳು, ಮಕ್ಕಳು ಮುಸಿಮುಸಿ ನಕ್ಕರು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಗಣಿತದ ಟೀಚರ್ ನೋಡಿದರು, ಯಾರಿಗೂ ಹೇಳಲಿಲ್ಲ. ಮರುದಿನದಿಂದ ಬೆಲ್ಲಿಗೆ ಮುಂಚೆ ಖಾಲಿ ತರಗತಿಯಲ್ಲಿ ಕಡ್ಡಿ ಹರಡಿ ಅವಳನ್ನು ಎದುರಿಗೆ ಕೂರಿಸಿಕೊಂಡರು.

"ಮೊದ್ಲು ಮಕ್ಕಳ ಕೈಗೆ ಕೊಡು, ಆಮೇಲೆ ಬೋರ್ಡಿಗೆ ಬರಿ," ಎನ್ನುತ್ತಿದ್ದರು.

ಅಂದಂದಿನ ಪಾಠ ಅಂದಂದಿಗೆ. ನಿನ್ನೆ ಬೆಳಿಗ್ಗೆ ಅವರು ಬರಲಿಲ್ಲ.

*

"ಏನಮ್ಮಾ ಹುಡುಕ್ತಿದ್ದೀಯ?"

ಅವಳು ಥಟ್ಟನೆ ಕೈ ಎಳೆದುಕೊಂಡಳು. ಬಾಗಿಲಲ್ಲಿ ಟೀಚರ ಗಂಡ, ಬಸ್ ಓಡಿಸಿ ನಿವೃತ್ತರಾದ ಡ್ರೈವರ್ ಭಾವ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು.

"ಅಕ್ಕನ ಪಾಠದ ನೋಟ್‌ಬುಕ್, ಭಾವ. ನಂಗೇನೂ ಬರಲ್ಲ. ನಾಳೆ ನೆನೆಸ್ಕೊಂಡ್ರೆ ಜೀವಾನೇ ಹೋಗುತ್ತೆ."

ಅವರು ಬೈಯಲಿಲ್ಲ. ಬಾಗಿಲು ಮುಂದೆ ಮಾಡಿ ಬಂದರು. ನೋಟ್‌ಬುಕ್ಕೂ ಇಲ್ಲ, ಗೀಟ್‌ಬುಕ್ಕೂ ಇಲ್ಲ ಎಂದರು. ದಿನಾ ಸಂಜೆ ಆಕೆ ಮರುದಿನದ ಪಾಠವನ್ನು ಇವರಿಗೇ ಹೇಳುತ್ತಿದ್ದರಂತೆ. ತರಗತಿಯ ಅತಿ ದಡ್ಡ ಮಗು ಏನು ಕೇಳುತ್ತದೋ ಅದನ್ನು ಇವರು ಕೇಳಬೇಕು. ಇವರು ಕೇಳುವಾಗ ಆಕೆಯ ಕೈ ನಡುಗುತ್ತಿತ್ತಂತೆ.

"ಅಕ್ಕಂಗೆ ಭಯಾನಾ?"

"ದಿನಾ."

ಹೊರಗಿನಿಂದ ಯಾರೋ, ಸ್ಮಶಾನಕ್ಕೆ ಒಯ್ಯುವ ಗಾಡಿ ಬಂತೆಂದು ಕರೆದರು. ಅವರು ಓಗೊಡಲಿಲ್ಲ. ಅಲಮಾರಿಗೆ ಒರಗಿ, ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು, ನಾಳೆ ಏನು ಪಾಠವೆಂದು ಕೇಳಿದರು. ಅವಳು ಹೇಳಿದಳು. ಅವರು ತಲೆ ಕೆರೆದುಕೊಂಡರು.

"ಅರ್ಧಾನ ಕಾಲಿಂದ ಭಾಗಿಸಿದ್ರೆ ಎಂಟನೇ ಒಂದು ಭಾಗ ಅಲ್ವಾ ಟೀಚರ್? ಭಾಗ ಮಾಡಿದ್ರೆ ಕಮ್ಮಿ ಆಗ್ಲೇಬೇಕಲ್ಲ?"

ಅವಳಿಗೆ ಕೆಳಗಿನದನ್ನು ಮೇಲೆ ಮಾಡಿ ಗುಣಿಸು ಎನ್ನುವ ಸೂತ್ರ ನೆನಪಿತ್ತು, ಯಾಕೆಂದು ಗೊತ್ತಿರಲಿಲ್ಲ. ಮೊದ್ಲು ಕೈಗೆ ಕೊಡು. ಅವಳು ಅವರ ಹೆಗಲಿನ ಟವೆಲ್ ಎಳೆದುಕೊಂಡು ಗೇಣಿನಿಂದ ಅಳೆದಳು, ಮಡಿಸಿದಳು. ಬಟ್ಟೆ ಕೈಗೆ ಬಂದೊಡನೆ ಬೆರಳುಗಳು ತಾವಾಗಿ ಓಡಿದವು.

"ಇದು ಅರ್ಧ ಮೀಟರ್. ಕಾಲು ಮೀಟರಿನ ತುಂಡು ಇದ್ರಲ್ಲಿ ಎಷ್ಟು ಬರುತ್ತೆ, ನೀವೇ ಎಣಿಸಿ."

ಅವರು ಮಡಿಕೆಯ ಮೇಲೆ ಬೆರಳಿಟ್ಟರು. ಒಂದು. ಎರಡು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಬೆರಳು ಅಲ್ಲೇ ನಿಂತಿತು.

"ತಿಳೀಲಿಲ್ಲ ಟೀಚರ್," ಎಂದರು. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. "ಇನ್ನೊಂದ್ಸಲ ಹೇಳಿ."

ಅವಳು ಟವೆಲ್ ಬಿಚ್ಚಿ, ಅವರ ಮಂಡಿಯ ಮೇಲೆ ಹರಡಿ, ಮೊದಲಿನಿಂದ ಮಡಿಸತೊಡಗಿದಳು.