ಬುಧವಾರದ ಬಿಸಿನೀರು

ಸತ್ತ ಐದನೆಯ ದಿನ ಕುಪ್ಪ ದೋಣಿಗೆ ಹೋದ. ಹಾಗಂತ ಅವನ ಹೆಂಡತಿ ಕಾಶಿ ಫೋನಿನಲ್ಲಿ ಹೇಳಿದಳು.

ಆ ಕಡೆ ಇದ್ದವನು ಮಗ ರೋಹಿತ. ಇಟಲಿಯ ಸುತ್ತ ತಿರುಗುವ ಪ್ರವಾಸಿ ಹಡಗೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಅವನಿಗೆ ತಿಳಿಸಕೂಡದೆಂದು ತೀರ್ಮಾನಿಸಿದವನು ಕುಪ್ಪನ ತಮ್ಮ ಬೀರಾ. ಹೆಣ ಕಾಯುವುದಿಲ್ಲ, ಕರಾರಿನ ನಡುವೆ ಇಳಿದವನನ್ನು ಹಡಗು ಮತ್ತೆ ಕರೆಯುವುದಿಲ್ಲ. ಎರಡೂ ನಿಜವೇ. ನಿಜಗಳನ್ನು ಪೋಣಿಸಿ ಸುಳ್ಳು ಕಟ್ಟುವುದರಲ್ಲಿ ಬೀರಾನ ಕೈ ಬಲೆ ಕಟ್ಟುವಷ್ಟೇ ಪಳಗಿತ್ತು.

“ಬುಧವಾರ ರಜೆ ಸಿಕ್ಕಿತ್ತು ಆಯಿ. ನಮ್ಮ ಕೂರ್ಮಗಡದ ಹಂಗೇ ಒಂದು ನಡುಗಡ್ಡೆಗೆ ಹೋಗಿದ್ದೆ, ಅದ್ಕಿಂತ ಎಷ್ಟೋ ದೊಡ್ಡದು. ನೆಲದಿಂದ ಬಿಸಿನೀರು ಏಳ್ತದೆ ಅಲ್ಲಿ. ಮರಳಲ್ಲಿ ಮೊಟ್ಟೆ ಹುಗಿದ್ರೆ ಬೇಯ್ತದೆ. ಮುದುಕರೆಲ್ಲ ಬೆಳಿಗ್ಗೆ ನೀರಲ್ಲಿ ಕೂತ್ರೆ ಸಂಜೆವರೆಗೆ ಏಳೂದೇ ಇಲ್ಲ.”

“ಮೀಯೂಕೆ ದೋಣಿ ಹತ್ತಿ ಹೋಗ್ಬೇಕಾ ತಮಾ?” ಎಂದು ಕಾಶಿ ನಕ್ಕಳು. ಸುತ್ತ ಕೂತಿದ್ದ ಸೂತಕದ ಹೆಂಗಸರು ಸೆರಗು ಬಾಯಿಗೊತ್ತಿ ಅಳು ತಡೆದುಕೊಂಡಿದ್ದರು.

“ಅಪ್ಪನ ಸೊಂಟಕ್ಕೆ ಅಂತ ಒಂದು ಬಾಟ್ಲಿ ತುಂಬಿಟ್ಟಿದ್ದೆ. ಎಲ್ಲಿ ಅಪ್ಪ?”

ಆಗ ಕುಪ್ಪ ದೋಣಿಗೆ ಹೋದದ್ದು.

ಜೂನ್ ಬಂತು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು, ಅವರೂರು ಹಾರವಾಡದ ದೋಣಿಗಳೆಲ್ಲ ದಡ ಹತ್ತಿದವು. ಮೀನುಗಾರನ ಮಗನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದ್ದರಿಂದ ಕುಪ್ಪನನ್ನು ಭಾವಿಕೇರಿಯ ಮಗಳ ಮನೆಗೆ ಕಳಿಸಲಾಯಿತು. ಬದುಕಿದ್ದಾಗ ಅಳಿಯನ ಮನೆಯಲ್ಲಿ ಒಂದು ದಿನ ನಿಲ್ಲದ ಮನುಷ್ಯ, ಈಗ ಇಡೀ ಮಳೆಗಾಲ ಅಲ್ಲೇ ಝಂಡಾ ಊರಿದ. ಅಪ್ಪ ಕೊನೆಗೂ ಸುಧಾರಿಸಿದನೆಂದು ರೋಹಿತನಿಗೆ ಸಂತೋಷ.

ಪ್ರತಿ ಭಾನುವಾರ ಫೋನಿಟ್ಟ ಮೇಲೆ ಕಾಶಿಯದು ಒಂದೇ ಮಾತು: “ಅಪ್ಪ ಸತ್ತದ್ದಕ್ಕೆ ಮಗ ಮೀಯದೆ ತಿರುಗ್ತಿದ್ದ, ಬೀರಾ.”

ಅವರಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ, ಉಟ್ಟ ಬಟ್ಟೆಯಲ್ಲೇ, ತಣ್ಣೀರು ಸುರಿದುಕೊಳ್ಳಬೇಕು.

“ಸುದ್ದಿ ಮುಟ್ಟದವಗೆ ಎಂತಾ ಸೂತಕ ಅತ್ತಿಗೆ? ಸುಮ್ನಿರು.”

“ಹಂಗಾರೆ ಬಂದ ದಿನ ನಾನೇ ಹೇಳೂದು, ನಾನೇ ಮೀಸೂದು. ನೀ ಬಾಯಿ ಹಾಕ್ಬೇಡ.” ಹೇಳಬೇಕಾದ ಮಾತನ್ನು ಅವಳು ಮೀನು ಹೆಚ್ಚುತ್ತ, ಒಲೆ ಊದುತ್ತ ನಾಲ್ಕು ತಿಂಗಳು ಜೋಡಿಸಿದಳು.

ಸೆಪ್ಟೆಂಬರಿನಲ್ಲಿ ರೋಹಿತ ಬಂದ. ಫೋನಿನಲ್ಲಿ ತಾಯಿಯ ಹಣೆ ಕಾಣುವುದಿಲ್ಲ, ಅಂಗಳದಲ್ಲಿ ಕಂಡಿತು. ಬರಿಯ ಹಣೆ, ಬರಿಯ ಕೈ. ಜೋಡಿಸಿಟ್ಟ ಮಾತು ಯಾವುದೂ ಬೇಕಾಗಲಿಲ್ಲ.

“ಯಾವಾಗ?” ಎಂದ.

ಬಾಯಿ ಹಾಕಬಾರದ ಬೀರಾನೇ ಹೇಳಿದ: “ಮೇ ಹದಿನಾರು, ಬುಧವಾರ. ಬಲೆ ಹೊಲೀತಾ ಕೂತಲ್ಲೇ.”

ರೋಹಿತ ಚೀಲದಿಂದ ಕ್ಯಾಮೆರಾ ತೆಗೆದು ಗುಂಡಿ ಒತ್ತುತ್ತ ಹೋದ. ಹಡಗು, ಬಂದರು, ಮತ್ತೆ ಹಡಗು. ಒಂದು ಚಿತ್ರಕ್ಕೆ ನಿಂತ. ಹಬೆಯಾಡುವ ಕೊಳ, ತಲೆಗೆ ಟವೆಲ್ ಸುತ್ತಿದ ರೋಹಿತ, ಮೂವತ್ತೆರಡೂ ಹಲ್ಲು. ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳು: 16 05 2007.

ಬೀರಾ ಇಣುಕಿದ. ಏನು ಸಿಕ್ಕರೂ ಬಿಸಾಡುವ ಜಾತಿಯಲ್ಲ ಅವನು. “ನೋಡು ಅತ್ತಿಗೆ! ಅದೇ ದಿವ್ಸ ಮಿಂದಿದ್ದ! ನೀ ಸುಮ್ನೆ ತಲೆಬಿಸಿ ಮಾಡ್ಕಂಡೆ. ದೇವ್ರೇ ಮೀಸಿದ!”

“ನಗ್ತಾ ಮಿಂದೆ ಕಾಕಾ,” ಎಂದ ರೋಹಿತ. ಆಮೇಲೆ ತಾಯಿಯ ಕಡೆ ತಿರುಗಿದ. “ಹದಿನೆಂಟು ಭಾನುವಾರ, ಆಯಿ. ನೀನೂ ನಗಾಡ್ದೆ.”

ಕಾಶಿ ಬಾವಿಕಟ್ಟೆಗೆ ಹೋಗಿ ಕೊಡ ಇಳಿಸಿದಳು. ಮಳೆಗಾಲದ ನೀರು ಮೇಲೆಯೇ ಇತ್ತು.

“ಬಿಸಿನೀರು ಲೆಕ್ಕಕ್ಕಿಲ್ಲ,” ಎಂದಳು, ಅವನ ಮುಖ ನೋಡದೆ. “ಬಾ.”

ಬಾರದೆ ಹೋದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬೆನ್ನು ತಿರುಗಿಸಿಯೇ ನಿಂತಳು. ಬಹಳ ಹೊತ್ತಾದ ಮೇಲೆ ಒಗೆಯುವ ಕಲ್ಲಿನ ಮೇಲೆ ಬೂಟಿನ ಸದ್ದಾಯಿತು. ಜೀನ್ಸು, ಬೂಟು ಎಲ್ಲದರ ಸಮೇತ ಕೂತಿದ್ದ.

ಒಂದು ಕೊಡ ಸುರಿದಳು. ಎರಡು. ಮೂರನೆಯದಕ್ಕೆ ಅವನ ಹೆಗಲು ನಡುಗತೊಡಗಿತು. ಚಳಿಯೋ ಬೇರೇನೋ, ಬೀರಾ ಜೀವನದಲ್ಲಿ ಮೊದಲ ಬಾರಿಗೆ ಅಭಿಪ್ರಾಯ ಹೇಳಲಿಲ್ಲ.

ರೋಹಿತ ಕೈ ಚಾಚಿ, ಪಕ್ಕದಲ್ಲಿಟ್ಟಿದ್ದ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಬಾಟ್ಲಿ ತೆಗೆದು ಅವಳಿಗೆ ಕೊಟ್ಟ.

“ಇದೂ ಹಾಕು.”

ಕಾಶಿ ಮುಚ್ಚಳ ತಿರುಗಿಸಿದಳು. ಗಂಧಕದ ವಾಸನೆ ಬಂತು. ಮೊದಲು ಅಂಗೈಗೆ ಸ್ವಲ್ಪ ಸುರಿದು ನೋಡಿದಳು. ಬಾವಿ ನೀರಷ್ಟೇ ತಣ್ಣಗಿತ್ತು. ಉಳಿದದ್ದನ್ನೆಲ್ಲ ಅವನ ತಲೆಯ ಮೇಲೆ ಸುರಿದಳು.