ಇಬ್ಬರೂ ತಿದ್ದಿದ ಸಿಲಿಂಡರು

ಆ ಮನೆಯಲ್ಲಿ ಅತ್ತೆ ಹಾಕಿಕೊಟ್ಟ ಒಂದು ಕಟ್ಟಳೆ ಇತ್ತು. ಯಾರ ಕೆಲಸದಲ್ಲಿ ತಪ್ಪು ಕಂಡರೂ ಬಾಯಿ ಬಿಡಬಾರದು, ಸುಮ್ಮನೆ ತಿದ್ದಿಬಿಡಬೇಕು. ಒಲೆಯ ಮೇಲಿನದಕ್ಕೆ ಉಪ್ಪು ಕಡಿಮೆಯಾಗಿದ್ದರೆ ಒಂದು ಚಿಟಿಕೆ ಹಾಕು, ಯಾರು ಮರೆತರು ಅಂತ ಪಂಚಾಯಿತಿ ಮಾಡಬೇಡ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ನಡೆಯುತ್ತಿದ್ದದ್ದು ಮಾತ್ರ ಹೀಗೆ: ಅತ್ತೆ, ಸೊಸೆ, ಮಗಳು ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಬಂದು ಒಂದೊಂದು ಚಿಟಿಕೆ ಹಾಕಿ ಹೋಗುತ್ತಿದ್ದರು. ಊಟಕ್ಕೆ ಕೂತ ಮಗರಾಯ ಕಮಕ್ ಕಿಮಕ್ ಅನ್ನದೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ. ಆದರೂ ಮನೆಯಲ್ಲಿ ಜಗಳ ಅನ್ನುವುದು ಇರಲಿಲ್ಲ, ಅತ್ತೆಗೆ ಅದೇ ಹೆಮ್ಮೆ.

ಮನೆಯ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಉಕ್ಕು ಕೊರೆಯುವ ಒಂದೇ ಒಂದು ಮಿಲ್ಲಿಂಗ್ ಮೆಷಿನ್. ಮೆಷಿನ್ನಿನ ಮೇಜಿನ ಮೇಲೆ, ದುಂಡನೆಯ ಸಿಲಿಂಡರನ್ನು ಕಚ್ಚಿ ಹಿಡಿದು ಹೇಳಿದಷ್ಟೇ ತಿರುಗಿಸುವ ಒಂದು ತಿರುಗುತಲೆ. ಪಕ್ಕದ ಪುಟ್ಟ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪ್ರೋಗ್ರಾಂ ಬರೆಯುವವಳು ಮನೆಯ ಸೊಸೆ. ಮೆಷಿನ್ ನಡೆಸುವವಳು ಅವಳ ನಾದಿನಿ. ನಾದಿನಿ ಕರೆದದ್ದನ್ನು ಕೇಳಿ ಕೇಳಿ ಗಿರಾಕಿಗಳೂ ಸೊಸೆಯನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದರು. ಅತ್ತಿಗೆಯ ಗಂಡನ ಪಾಲಿಗೆ ಬಂದದ್ದು ಮಾತು. ಕೆಲಸ ತರುವುದು, ಆಗದ ದಿನಕ್ಕೆ ಆಗುತ್ತದೆಂದು ಒಪ್ಪಿಕೊಂಡು ಬರುವುದು, ಆಮೇಲೆ ಶೆಡ್ಡಿನ ಕಡೆ ತಲೆ ಹಾಕದೆ ಇರುವುದು.

ಹಾಗೆ ಒಪ್ಪಿಕೊಂಡದ್ದೇ ಔಷಧಿ ಬಾಟಲಿ ತುಂಬುವ ಕಾರ್ಖಾನೆಯ ಸಿಲಿಂಡರು. ಅದರ ಮೈಸುತ್ತ ಬಳುಕಿಕೊಂಡು ಹೋಗುವ ಕಾಲುವೆಯಂಥ ಒಂದು ಸ್ಲಾಟು ಕೊರೆಯಬೇಕು. ಸ್ಲಾಟಿನೊಳಗೆ ಒಂದು ಗೂಟ ಕೂರುತ್ತದೆ. ಸಿಲಿಂಡರು ತಿರುಗಿದಂತೆ ಗೂಟ ಮೆಲ್ಲಗೆ ಮುಂದೆ ಹೋಗಿ ಬಾಟಲಿಗಳನ್ನು ಪೆಟ್ಟಿಗೆಗೆ ತಳ್ಳಬೇಕು, ಸರ್ರನೆ ಹಿಂದಕ್ಕೆ ಬರಬೇಕು. ಹಳೆಯ ಸಿಲಿಂಡರು ಬಿರುಕು ಬಿಟ್ಟು ಅಲ್ಲಿಯ ಕೆಲಸ ನಿಂತಿತ್ತು. ಹೊಸ ಉಕ್ಕನ್ನು ಅಲ್ಲಿಯ ಮೇಲ್ವಿಚಾರಕಿ ತಾನೇ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ತಂದಹಾಗೆ ಎದೆಗವಚಿಕೊಂಡು ತಂದಳು.

"ಇರೋದು ಇದೊಂದೇ ಅತ್ತಿಗೆ," ಅಂದಳು. "ಇದು ಕೆಟ್ರೆ ಹಳೇ ಮೆಷಿನ್ ಎತ್ತಿ ಬಿಸಾಕಿ ಹೊಸದು ತರ್ತಾರಂತೆ. ಹೊಸದಕ್ಕೆ ನಾವ್ಯಾರೂ ಬೇಕಾಗಲ್ಲ. ನಮ್ಮ ಸಾಲಿನ ಹೆಂಗಸರೆಲ್ಲ ನಿಮ್ಮ ಕಡೆ ನೋಡ್ತಾ ಕೂತಿದಾರೆ."

ಅತ್ತಿಗೆ ಆಗಲಿ ಅಂದಳು. ಅವಳಿಗೆ ಮಾತ್ರ ಬೇರೆಯೇ ಒಂದು ಚಿಂತೆಯಿತ್ತು.

ಬಳುಕು ಸ್ಲಾಟಿನ ನಕ್ಷೆ ಬರುವುದು ಬಿಡಿಸಿ ಹಾಸಿದ ಕಾಗದದ ಮೇಲೆ. ಕಾಗದದಲ್ಲಿ ಇಷ್ಟು ದೂರ ಅಂತ ಇರುವುದನ್ನು ಸಿಲಿಂಡರು ಇಷ್ಟು ತಿರುಗಬೇಕು ಅಂತ ಲೆಕ್ಕ ಹಾಕಿ ಬರೆಯಬೇಕು. ಆದರೆ ಇಲ್ಲಿ ಕೊರೆಯುವ ಕಟರು ನಿಂತಲ್ಲೇ ನಿಂತಿರುತ್ತದೆ, ತಿರುಗುವುದು ಅದರ ಕೆಳಗಿನ ಉಕ್ಕು. ಗೆರೆ ಮುಂದಕ್ಕೆ ಹೋಗಬೇಕೆಂದರೆ ಉಕ್ಕು ಹಿಂದಕ್ಕೆ ತಿರುಗಬೇಕು. ಆದ್ದರಿಂದ ಲೆಕ್ಕದ ಮುಂದೆ ಒಂದು ಮೈನಸ್ ಹಾಕಬೇಕು, ಇಲ್ಲದಿದ್ದರೆ ಸ್ಲಾಟು ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತದೆ. ಮೆಷಿನ್ ಮಾರುವವರು ಮೊನ್ನೆ ನಡೆಸಿದ ಒಂದು ದಿನದ ಕ್ಲಾಸಿನಲ್ಲಿ ಮೇಷ್ಟ್ರು ಇದನ್ನು ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ ಹೇಳಿ ಮುಂದಕ್ಕೆ ಹೋಗಿದ್ದರು. ಬರೆದುಕೊಳ್ಳುತ್ತಿದ್ದ ಅತ್ತಿಗೆಯ ಪೆನ್ನು ಅಲ್ಲೇ ನಿಂತಿತು. ಮದುವೆಯಾಗಿ ಬಂದು ಈ ಕೆಲಸ ಹಿಡಿದ ದಿನದಿಂದ ಅವಳು ಒಂದೇ ಒಂದು ಸಲವೂ ಆ ಮೈನಸ್ ಹಾಕಿರಲಿಲ್ಲ.

ಹಾಗಾದರೆ ಇಷ್ಟು ವರ್ಷ ಕೊರೆದ ಸ್ಲಾಟುಗಳೆಲ್ಲ ಸರಿಯಾಗಿ ಬಂದದ್ದು ಹೇಗೆ? ಕ್ಲಾಸಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡು ಕೊನೆಗೆ ತನಗೆ ಬೇಕಾದ ಉತ್ತರವನ್ನೇ ಹುಡುಕಿಕೊಂಡಳು. ತಮ್ಮ ತಿರುಗುತಲೆಯನ್ನು ಮೊದಲಿಂದಲೂ ಉಲ್ಟಾ ಜೋಡಿಸಿದ್ದಿರಬೇಕು. ಹೋದ ತಿಂಗಳು ಮೋಟಾರು ಬದಲಿಸಿದ ಮೆಕ್ಯಾನಿಕ್ ಈಗ ಅದನ್ನು ನೆಟ್ಟಗೆ ಮಾಡಿರುತ್ತಾನೆ. ಇನ್ನು ಮೇಲೆ ಮೈನಸ್ ಹಾಕಿದರಾಯಿತು, ಹಳೆಯದು ಯಾರಿಗೂ ಗೊತ್ತಾಗುವುದು ಬೇಡ. ಮನೆಯ ಕಟ್ಟಳೆಯೂ ಅದನ್ನೇ ಹೇಳುತ್ತದಲ್ಲ ಅಂತ ಸಮಾಧಾನ ಮಾಡಿಕೊಂಡು, ಈ ಸಿಲಿಂಡರಿನ ಪ್ರೋಗ್ರಾಮಿಗೆ ಸದ್ದಿಲ್ಲದೆ ಮೈನಸ್ ಸೇರಿಸಿದಳು.

ಕೊರೆಯುವ ದಿನ ಅವಳಿಗೆ ಕೋಣೆಯಲ್ಲಿ ಕೂರಲಾಗಲಿಲ್ಲ. ಟೀ ಲೋಟ ಹಿಡಿದು ಶೆಡ್ಡಿಗೆ ಬಂದಳು. ನಾದಿನಿ ಗೀರು ಎದ್ದು ಕಾಣಲೆಂದು ಸಿಲಿಂಡರಿನ ಮೈಗೆ ನೀಲಿ ಬಳಿದು, ಕಟರು ಕೂದಲೆಳೆಯಷ್ಟೇ ತಾಗುವಂತೆ ಇಟ್ಟು, ಮೊದಲ ಸುತ್ತು ಬಿಟ್ಟಳು. ಅದು ಅವಳ ಪದ್ಧತಿ. ಕೊನೆಯಲ್ಲಿ ಉಜ್ಜಿ ನುಣುಪು ಮಾಡಲೆಂದು ಉಕ್ಕನ್ನು ಒಂದಿಷ್ಟು ದಪ್ಪ ಬಿಟ್ಟಿರುತ್ತಾರೆ, ಅಷ್ಟರೊಳಗಿನ ಗೀರು ಆಮೇಲೆ ಅಳಿಸಿ ಹೋಗುತ್ತದೆ.

ನೀಲಿಯ ಮೇಲೆ ಗೆರೆ ಮೂಡಿತು. ಮಾದರಿಗೆಂದು ಕಾರ್ಖಾನೆಯವರು ಕೊಟ್ಟಿದ್ದ, ಬಿರುಕು ಬಿಟ್ಟ ಹಳೆಯ ಸಿಲಿಂಡರು ಪಕ್ಕದ ಮೇಜಿನ ಮೇಲೇ ಇತ್ತು. ಅದರಲ್ಲಿ ಸ್ಲಾಟು ನಿಧಾನವಾಗಿ ಏರಿ ಗಕ್ಕನೆ ಇಳಿದಿತ್ತು. ಇದರಲ್ಲಿ ಗಕ್ಕನೆ ಏರಿ ನಿಧಾನವಾಗಿ ಇಳಿಯಿತು. ಹೀಗೇ ಕೊರೆದರೆ ಗೂಟ ಬಾಟಲಿಗಳಿಗೆ ಗುದ್ದು ಹಾಕಿ ಒಂದನ್ನೂ ಉಳಿಸುವುದಿಲ್ಲ.

ನಾದಿನಿ ಮೆಷಿನ್ ನಿಲ್ಲಿಸಿದಳು, ಏನೂ ಅನ್ನಲಿಲ್ಲ. ಅತ್ತಿಗೆಯೂ ಏನೂ ಅನ್ನಲಿಲ್ಲ. ನಮ್ಮ ಮೆಷಿನ್ನಿಗೆ ಮೇಷ್ಟ್ರ ಮಾತು ನಡೆಯುವುದಿಲ್ಲ ಅಂದುಕೊಂಡು ಟೀ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದಳು. ಮೈನಸ್ ಅಳಿಸಿ, ಪ್ರೋಗ್ರಾಂ ಮತ್ತೆ ಕಳಿಸಿ ಬಂದಳು. ಅಷ್ಟರಲ್ಲಿ ನಾದಿನಿಯೂ ಮೆಷಿನ್ನಿನ ಗುಂಡಿಗಳ ಮೇಲೆ ಬೆರಳಾಡಿಸಿ ಮುಗಿಸಿದ್ದಳು.

"ಇನ್ನೊಂದ್ಸಲ ನೋಡೋಣ," ಅಂದಳು ನಾದಿನಿ.

ಕಟರು ಇನ್ನೊಂದು ಕೂದಲೆಳೆ ಆಳಕ್ಕೆ ಇಳಿಯಿತು. ಅದೇ ಗೀರಿನಲ್ಲೇ, ಒಂದಿಷ್ಟೂ ಆಚೀಚೆ ಆಗದೆ ಓಡಿತು. ಎರಡು ಸಲ ಕೊರೆದರೂ ಇಷ್ಟು ಕರಾರುವಾಕ್ಕಾಗಿ ಅದೇ ತಪ್ಪು ಮಾಡುವ ಮೆಷಿನ್ ಬೇರೆ ಯಾರ ಶೆಡ್ಡಿನಲ್ಲೂ ಇದ್ದಿರಲಾರದು. ನಾದಿನಿ ಗೀರಿನ ಆಳ ಅಳೆದು ನೋಡಿದಳು.

"ಅಂಚಿಗೆ ಬಂತು. ಇನ್ನೊಂದ್ಸಲ ತಪ್ಪಿದ್ರೆ ಉಜ್ಜಿದ್ರೂ ಹೋಗಲ್ಲ."

ಅತ್ತಿಗೆಯ ಕಣ್ಣ ಮುಂದೆ ಬಟ್ಟೆಯಲ್ಲಿ ಸುತ್ತಿ ತಂದ ಆ ಮೇಲ್ವಿಚಾರಕಿ ನಿಂತಳು. ತನ್ನ ಮಾನ ದೊಡ್ಡದೋ, ಆ ಸಾಲಿನಲ್ಲಿ ಕೂತ ಹೆಂಗಸರ ಅನ್ನ ದೊಡ್ಡದೋ? ಅತ್ತೆಯ ಕಟ್ಟಳೆ ಇವತ್ತಿಗೆ ಸಾಕು ಅನ್ನಿಸಿತು.

"ನಾನು ಒಳಗೆ ಹೋಗಿ ಮೈನಸ್ ತೆಗೆದೆ ಕಣೇ," ಅಂದಳು.

"ಯಾವ ಮೈನಸ್?"

"ಮೊದಲನೇ ಸಲ ಹಾಕಿದ್ನಲ್ಲ, ಅದು. ಹಾಕ್ಬೇಕು ಅಂತ ಕ್ಲಾಸಲ್ಲಿ ಗೊತ್ತಾಯ್ತು. ಅದಕ್ಕೆ ಮುಂಚೆ ನಾನು ಯಾವತ್ತೂ ಹಾಕಿದವಳಲ್ಲ."

ನಾದಿನಿ ಸ್ಟೂಲು ಎಳೆದುಕೊಂಡು ಕೂತಳು. "ಒಂದು ಮಾತು ಹೇಳಬಾರ್ದಿತ್ತಾ ಅತ್ತಿಗೆ? ನೀವು ಬರೆದದ್ದನ್ನ ನಾನಿಲ್ಲಿ ಮೆಷಿನ್ನಲ್ಲೇ ಉಲ್ಟಾ ತಿರುಗಿಸಿಕೊಳ್ತಾ ಇದ್ದೆ. ಇವತ್ತೂ ಮೊದಲನೇ ಸಲ ಹಾಗೇ ತಿರುಗಿಸಿದೆ, ತಪ್ಪು ಬಂತು. ಮೆಕ್ಯಾನಿಕ್ ಏನೋ ಬದಲಾಯಿಸಿರ್ಬೇಕು ಅಂತ ಈಗ ಅದನ್ನ ತೆಗೆದೆ. ನೀವೂ ತೆಗೆದ್ರಿ, ಮತ್ತೆ ಅಲ್ಲಿಗೇ ಬಂತು."

"ಯಾವತ್ತಿಂದ ತಿರುಗಿಸ್ತಾ ಇದ್ದೀಯ?"

"ನೀವು ಮೊದಲನೇ ಸ್ಲಾಟು ಬರೆದ ದಿನದಿಂದ. ಅವತ್ತು ಒಂದು ಕೆಟ್ಟಿತ್ತು. ಅದನ್ನ ಗುಜರಿಗೆ ಹಾಕಿ ಇನ್ನೊಂದು ಮಾಡಿದೆ."

ಅತ್ತಿಗೆಗೆ ಆ ದಿನ ಚೆನ್ನಾಗಿ ನೆನಪಿತ್ತು. ಉಕ್ಕು ಹಾಳು ಮಾಡಿದೆ ಅಂತ ಗಂಡ ತಂಗಿಗೆ ವಾಚಾಮಗೋಚರ ಬೈದಿದ್ದ. ಹಿಡಿತ ಸಡಿಲ ಬಿಟ್ಟೆ ಕಣೋ, ನನ್ನದೇ ತಪ್ಪು ಅಂತ ಅವಳು ತಲೆ ತಗ್ಗಿಸಿ ನಿಂತಿದ್ದಳು. ಇವಳಿಗೆ ಕೆಲಸದಲ್ಲಿ ನಿಗಾ ಸಾಲದು ಅಂತ ತಾನೂ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಅತ್ತ ಅತ್ತೆ, ಸರಿ ಬಂದ ಎರಡನೆಯದನ್ನು ಸೆರಗಿನಲ್ಲಿ ಹಿಡಿದು, ನಮ್ಮ ಸೊಸೆ ಬರೆದು ಮಾಡಿಸಿದ್ದು ಅಂತ ಬೀದಿಯ ಮನೆಮನೆಗೂ ತೋರಿಸಿ ಬಂದಿದ್ದಳು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೊಸದಾಗಿ ಬಂದಿದ್ರಿ. ಅಮ್ಮ ಆಗ್ಲೇ ಬೀದಿಗೆಲ್ಲ ಸಾರಿ ಆಗಿತ್ತು. ಆಮೇಲೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಅಭ್ಯಾಸ ಆಗಿಹೋಯ್ತು."

ಅತ್ತಿಗೆಗೆ ಒಂದು ಗಳಿಗೆ ಕೋಪವೇ ಬಂತು. ಆಮೇಲೆ ಕಣ್ಣು ತುಂಬಿತು. ಈ ಮನೆಯಲ್ಲಿ ತಲೆ ಎತ್ತಿ ಓಡಾಡಿದ ಪ್ರತಿಯೊಂದು ದಿನದ ಹಿಂದೆಯೂ ಈ ಎಣ್ಣೆ ಕೈ ಇತ್ತು. ಅದನ್ನು ಅವಳು ಒರಟು ಕೈ ಅಂದುಕೊಂಡಿದ್ದಳು. "ನೀನು ಇಲ್ದಿದ್ರೆ ನಾನು ಮೊದಲನೇ ವಾರವೇ ಈ ಕೆಲಸ ಬಿಟ್ಟು ಮೂಲೆ ಸೇರ್ತಿದ್ದೆ," ಅಂದಳು. "ನಿನ್ನ ಉಪಕಾರ ಹೇಗೆ ತೀರಿಸ್ಲಿ ನಾನು."

"ಆಚೆ ನಿಂತು ಅಳಿ ಅತ್ತಿಗೆ," ಅಂದಳು ನಾದಿನಿ, ತಾನೂ ಮೂಗು ಒರೆಸಿಕೊಳ್ಳುತ್ತ. "ಸಿಲಿಂಡರ್ ಮೇಲೆ ಬಿದ್ರೆ ತುಕ್ಕು ಹಿಡಿಯುತ್ತೆ."

ಮೈನಸ್ ಪ್ರೋಗ್ರಾಮಿನಲ್ಲೇ ಇರಲಿ, ಮೆಷಿನ್ ನೆಟ್ಟಗೇ ಇರಲಿ ಅಂತ ಬಾಯಿಬಿಟ್ಟು ಮಾತಾಡಿಕೊಂಡರು. ಅತ್ತಿಗೆ ಸಾಲುಸಾಲಾಗಿ ಗಟ್ಟಿಯಾಗಿ ಓದಿದಳು, ನಾದಿನಿ ಪರದೆಯಲ್ಲಿ ನೋಡಿ ಹೂಂ ಅಂದಳು. ಈ ಸಲ ಕಟರು ನೀಲಿಯ ಮೇಲೆ ನಿಧಾನವಾಗಿ ಏರಿ ಗಕ್ಕನೆ ಇಳಿಯಿತು. ಸುತ್ತಿನ ಮೇಲೆ ಸುತ್ತು ಇಳಿದು ಸಂಜೆಯ ಹೊತ್ತಿಗೆ ಸ್ಲಾಟು ಪೂರ್ತಿಯಾಯಿತು. ಉಜ್ಜಿದ ಮೇಲೆ ಹಳೆಯ ಗೀರಿನ ಸುಳಿವೂ ಉಳಿಯಲಿಲ್ಲ.

ಮೇಲ್ವಿಚಾರಕಿ ಕೈಯಲ್ಲೊಂದು ಖಾಲಿ ಬಾಟಲಿ ಹಿಡಿದೇ ಬಂದಿದ್ದಳು. ನಾದಿನಿ ಸ್ಲಾಟಿಗೆ ಗೂಟ ಕೂರಿಸಿ, ಮುಂದೆ ಬಾಟಲಿ ನಿಲ್ಲಿಸಿ, ಸಿಲಿಂಡರನ್ನು ಕೈಯಿಂದಲೇ ತಿರುಗಿಸಿದಳು. ಬಾಟಲಿ ಅಲ್ಲಾಡದೆ ಮೇಜಿನುದ್ದಕ್ಕೂ ಜಾರಿಕೊಂಡು ಹೋಯಿತು.

"ಬದುಕಿದ್ವಿ," ಅಂದಳು ಮೇಲ್ವಿಚಾರಕಿ. ಮತ್ತೆ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು ಹೋದಳು. ಅಷ್ಟು ಹೊತ್ತು ನಾಪತ್ತೆಯಾಗಿದ್ದ ಗಂಡ ಅವಳನ್ನು ಗೇಟಿನವರೆಗೆ ಕಳಿಸಲು ಹೋಗಿ, ಎಲ್ಲ ತಾನೇ ಮಾಡಿದವನಂತೆ ವಿವರಿಸತೊಡಗಿದ.

ನಾದಿನಿ ಕೈ ಒರೆಸಿಕೊಳ್ಳುತ್ತ ಹೇಳಿದಳು: "ಪ್ರೋಗ್ರಾಂ ಸರಿ ಇತ್ತು, ಅತ್ತಿಗೆ."

ಅತ್ತಿಗೆ ನಿಂತಲ್ಲೇ ನಿಂತಳು. ಇಷ್ಟು ವರ್ಷದಲ್ಲಿ ನಾದಿನಿ ಈ ಮಾತು ಒಮ್ಮೆಯೂ ಆಡಿರಲಿಲ್ಲ. ಎಂಥ ಕಷ್ಟದ ಕೆಲಸ ಮುಗಿದರೂ ಮುಗೀತು ಅನ್ನುತ್ತಿದ್ದಳೇ ಹೊರತು ಸರಿ ಇತ್ತು ಅಂದವಳಲ್ಲ. ಹೊಗಳುವುದರಲ್ಲಿ ಎಂಥ ಜಿಪುಣಿ ಅಂತ ಅತ್ತಿಗೆ ಎಷ್ಟೋ ಸಲ ನೊಂದುಕೊಂಡಿದ್ದಳು. ತನ್ನ ಸಲುವಾಗಿ ಬೈಸಿಕೊಂಡು, ತಪ್ಪು ಮೈಮೇಲೆ ಹಾಕಿಕೊಂಡವಳಿಗೂ ಆ ಒಂದು ಸುಳ್ಳು ಮಾತ್ರ ಬಾಯಿಗೆ ಬಂದಿರಲಿಲ್ಲ.

ಚೆನ್ನಾಗಿಯೇ ಕೇಳಿಸಿದ್ದರೂ ಅತ್ತಿಗೆ, "ಏನಂದೆ?" ಅಂದಳು.